ರಾತ್ರಿ ಲಾಂಗ್ ಎಕ್ಸ್‌ಪೋಷರ್: ಲೆನ್ಸ್ ಆಮೇಲೆ, ಮೊದಲು ಗಾಳಿ

ಚಿತ್ರದುರ್ಗದಲ್ಲಿದ್ದೇನೆ, ಕ್ಯಾಮೆರಾ ಹೊಸದು, 18-55 ಕಿಟ್ ಲೆನ್ಸ್ ಒಂದೇ ಇದೆ, ರಾತ್ರಿ ತೆಗೆದದ್ದೆಲ್ಲ ಮಸುಕು, ದುಬಾರಿ ಲೆನ್ಸ್ ತಗೋಬೇಕಾ ಅಂತ ಕೇಳಿದ್ದೀರಿ. ಬೇಡ, ಈಗಿರುವುದೇ ಸಾಕು. ಲಾಂಗ್ ಎಕ್ಸ್‌ಪೋಷರ್ ಅಂದರೆ ಕ್ಯಾಮೆರಾ ಎಷ್ಟೋ ಸೆಕೆಂಡ್ ಬೆಳಕಿಗೆ ತೆರೆದೇ ಇರುವುದು, ಅಷ್ಟು ಹೊತ್ತೂ ಅದು ಅಲುಗಬಾರದು.

ಮಸುಕಾದ ಫೋಟೊ ಒಂದನ್ನು ದೊಡ್ಡದು ಮಾಡಿ ನೋಡಿ. ದೀಪಗಳೆಲ್ಲ ಒಂದೇ ಕಡೆಗೆ ಗೀಟು ಎಳೆದ ಹಾಗಿದ್ದರೆ ಕ್ಯಾಮೆರಾ ಅಲುಗಾಡಿದೆ. ಗುಂಡಗೆ ಉಬ್ಬಿದ್ದರೆ ಫೋಕಸ್ ತಪ್ಪಿದೆ. ಫೋಕಸ್‌ಗೆ ಪರಿಹಾರ ಸುಲಭ: ಮ್ಯಾನುವಲ್‌ಗೆ ಹಾಕಿ, ಸ್ಕ್ರೀನ್‌ನಲ್ಲಿ ದೂರದ ಒಂದು ದೀಪವನ್ನು ಹಿಗ್ಗಿಸಿ, ಅದು ಚಿಕ್ಕ ಚುಕ್ಕೆ ಆಗುವವರೆಗೆ ರಿಂಗ್ ತಿರುಗಿಸಿ. ಆಮೇಲೆ ಝೂಮ್ ಮುಟ್ಟಬೇಡಿ.

ಆದರೆ ನಮ್ಮ ಕಡೆ ಜಾಸ್ತಿ ಕಾಟ ಕೊಡುವುದು ಗಾಳಿ. ಸುತ್ತಲಿನ ಗುಡ್ಡಗಳ ಮೇಲೆ ಅಷ್ಟೊಂದು ವಿಂಡ್‌ಮಿಲ್ ಸುಮ್ನೆ ನಿಲ್ಲಿಸಿಲ್ಲ, ಅಲ್ವಾ? ಟ್ರೈಪಾಡ್ ಕಾಲಿನ ದಪ್ಪ ಭಾಗ ಮಾತ್ರ ಎಳೆಯಿರಿ, ನಡುವಿನ ಕಂಬ ಎತ್ತಲೇಬೇಡಿ. ಟ್ರೈಪಾಡ್ ನಡುವಿನ ಕೊಕ್ಕೆಗೆ ಬ್ಯಾಗ್ ತೂಗುಹಾಕಿ, ಆದರೆ ಅದರ ತಳ ನೆಲಕ್ಕೆ ತಾಗಿರಲಿ, ಇಲ್ಲದಿದ್ದರೆ ಬ್ಯಾಗೇ ತೂಗಾಡಿ ಕ್ಯಾಮೆರಾವನ್ನೂ ಅಲ್ಲಾಡಿಸುತ್ತದೆ. ಕುತ್ತಿಗೆಗೆ ಹಾಕುವ ಪಟ್ಟಿಯನ್ನೂ ಬಿಚ್ಚಿಡಿ. ಲೆನ್ಸ್ ಮೇಲಿನ ಸ್ಟೆಬಿಲೈಸರ್ (ಕೈ ನಡುಕ ಸರಿಮಾಡುವ ಸೌಲಭ್ಯ) ಆಫ್ ಇರಲಿ. ಗುಂಡಿ ಒತ್ತುವ ಅದುರು ಹೋಗಲಿ ಅಂತ 2 ಸೆಕೆಂಡ್ ಟೈಮರ್ ಇಡಿ. ಇಷ್ಟು ಮಾಡಿದರೆ ಫೋಟೊ ಎಷ್ಟು ಬದಲಾಗುತ್ತದೆ ಅಂತ ನೀವೇ ನೋಡುತ್ತೀರಿ.

ಶುರುವಿಗೇ ನಕ್ಷತ್ರ ಬೇಡ. ವಾಹನದ ದೀಪಗಳಿಂದ ಕಲಿಯಿರಿ, ಯಾಕೆಂದರೆ ಪ್ರತಿ ನಿಮಿಷಕ್ಕೂ ಇನ್ನೊಂದು ಅವಕಾಶ ಸಿಗುತ್ತದೆ. ಸೂರ್ಯ ಮುಳುಗಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಆಕಾಶ ಕಡು ನೀಲಿ ಆಗುತ್ತದಲ್ಲ, ಅದೇ ಹೊತ್ತು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/8 (ಲೆನ್ಸ್ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), 10 ಸೆಕೆಂಡ್. ಕತ್ತಲೆ ಹೆಚ್ಚಾದ ಹಾಗೆ ಸೆಕೆಂಡ್ ಮಾತ್ರ ಏರಿಸಿ. ಹೆದ್ದಾರಿ 48ರಲ್ಲಿ ಲಾರಿಗಳಿಗೆ ಬರವಿಲ್ಲ, ಆದರೆ ರಸ್ತೆ ಅಂಚಿನಲ್ಲಿ ನಿಲ್ಲುವುದು ಖಂಡಿತ ಬೇಡ. ರಸ್ತೆ ಕಾಣುವ ಯಾವುದಾದರೂ ಮಾಳಿಗೆ ಹುಡುಕಿ. ಕೋಟೆಯನ್ನು ಸಂಜೆ ಮುಚ್ಚುತ್ತಾರೆ, ಊರ ಕಡೆಯಿಂದಲೇ ತೆಗೆಯಿರಿ. ಜೋಗಿಮಟ್ಟಿ ಕಾಡು, ರಾತ್ರಿ ಅತ್ತ ಹೋಗಬೇಡಿ. ದಾವಣಗೆರೆಯವರಿಗೆ ಕುಂದುವಾಡ ಕೆರೆ ಇದೆ. ಗಾಳಿಗೆ ಎದ್ದ ಸಣ್ಣ ಅಲೆಗಳು 30 ಸೆಕೆಂಡ್‌ನಲ್ಲಿ ನುಣ್ಣಗಾಗಿ, ದೀಪದ ಬಣ್ಣ ನೀರಲ್ಲಿ ಉದ್ದಕ್ಕೆ ಇಳಿಯುತ್ತದೆ.

ಕೈ ಪಳಗಿದ ಮೇಲೆ ನಕ್ಷತ್ರ. 18 ಎಂಎಂನಲ್ಲಿ 15 ಸೆಕೆಂಡ್ ದಾಟಿದರೆ ಚುಕ್ಕೆಗಳು ಗೀಟಾಗಲು ಶುರುವಾಗುತ್ತವೆ, ಭೂಮಿ ತಿರುಗುತ್ತಿರುತ್ತದಲ್ಲ. ಎಫ್/3.5, ಐಎಸ್‌ಒ 1600ರಿಂದ 3200. ರಾ ಫೈಲ್‌ನಲ್ಲೇ ತೆಗೆಯಿರಿ, ಅಂದರೆ ಜೆಪೆಗ್ ಆಗದ, ಆಮೇಲೆ ತಿದ್ದಲು ಸುಲಭವಾದ ಮೂಲ ಫೈಲ್. ಎಲ್ಲರೂ ಅಮಾವಾಸ್ಯೆಗೆ ಕಾಯಿರಿ ಅನ್ನುತ್ತಾರೆ. ಹಾಲುಹಾದಿ ಬೇಕಿದ್ದರೆ ಅದು ನಿಜ. ಆದರೆ ನಮ್ಮ ದುರ್ಗದ ಬಂಡೆಗಳು ಫೋಟೊದಲ್ಲಿ ಕಾಣಬೇಕು ಅಂದರೆ ಅಷ್ಟಮಿ ಆಸುಪಾಸಿನ ಚಂದ್ರ ತುಂಬಾ ಒಳ್ಳೆಯದು. ಆ ಬೆಳಕಿಗೆ ಕಲ್ಲಿನ ಮೈ ಪೂರ್ತಿ ಕಾಣುತ್ತದೆ, ಮೇಲೆ ನಕ್ಷತ್ರಗಳೂ ಉಳಿಯುತ್ತವೆ. ಅಮಾವಾಸ್ಯೆಯಲ್ಲಿ ಅದೇ ಬಂಡೆ ಬರೀ ಕಪ್ಪು.

ಚುಕ್ಕೆಗಳು ವೃತ್ತವಾಗಿ ಸುತ್ತುವ ಫೋಟೊ ಬೇಕಿದ್ದರೆ ಉತ್ತರಕ್ಕೆ ಗುಡ್ಡ ಇಲ್ಲದ ಬಯಲು ಹುಡುಕಿ. ನಮ್ಮಲ್ಲಿ ಧ್ರುವ ನಕ್ಷತ್ರ ಸುಮಾರು 14 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿ. ಒಂದೇ ದೊಡ್ಡ ಎಕ್ಸ್‌ಪೋಷರ್ ಬದಲು 30 ಸೆಕೆಂಡ್‌ನ ಫೋಟೊಗಳನ್ನು ಬಿಡುವಿಲ್ಲದೆ ಒಂದು ಗಂಟೆ ತೆಗೆದು, ಸ್ಟಾರ್‌ಸ್ಟ್ಯಾಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಸೇರಿಸಿ. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ಫೋಟೊದ ಕಾಳುಕಾಳು ಕಲೆ ತೆಗೆಯುವ ಸೌಲಭ್ಯ) ಆಗ ಆಫ್ ಇರಬೇಕು. ಇಲ್ಲದಿದ್ದರೆ ಪ್ರತಿ ಫೋಟೊ ನಂತರ ಕ್ಯಾಮೆರಾ ಇನ್ನೂ 30 ಸೆಕೆಂಡ್ ತಗೊಳ್ಳುತ್ತದೆ, ಗೀಟುಗಳು ತುಂಡುತುಂಡಾಗುತ್ತವೆ.