ಓದುಗರ ಸ್ಪಂದನ: ಅಟ್ಟ ಸೇರಿದ ಪುಸ್ತಕ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಮನೆಯ ಸಂಕಟವನ್ನು ಹೇಳಿಕೊಂಡಿದ್ದರು. ಅವರ ತಂದೆಗೆ ಈಗ 79. ಹರೆಯದಿಂದಲೂ ಪತ್ರಿಕೆಗಳಲ್ಲಿ ಬರುತ್ತಿದ್ದ ಬಾಕ್ಸರ್‌ಗಳ ಚಿತ್ರ ಕತ್ತರಿಸಿ ದಪ್ಪನೆಯ ಲೆಕ್ಕದ ಪುಸ್ತಕವೊಂದಕ್ಕೆ ಅಂಟಿಸುತ್ತ ಬಂದವರು. ಸಂಜೆ ಪುಸ್ತಕ ಬಿಚ್ಚಿದರೆಂದರೆ ಜೋ ಲೂಯಿಯಿಂದ ಶುರುವಾದ ಮಾತು ಮಾರ್ಸಿಯಾನೊ, ಅಲಿ, ಫ್ರೇಜರ್ ಎಂದು ಸಾಗಿ, ಕಾಗದ ಬರೆಯುವ ರೂಢಿ ಹೋಯಿತು, ಬಂದವರನ್ನು ಬೀದಿಯ ತಿರುವಿನವರೆಗೆ ಬಿಟ್ಟು ಬರುವುದು ಹೋಯಿತು, ಹತ್ತು ಮನೆಯವರು ಒಂದು ರೇಡಿಯೋ ಸುತ್ತ ಕೂರುವುದು ಹೋಯಿತು ಎನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಒಂದು ಸಂಜೆ ಮಗ, ಮೊಮ್ಮಗನ ಎದುರಿಗೇ, "ಸತ್ತವರ ಕಥೆ ಸಾಕಪ್ಪ, ಯಾರಿಗೆ ಬೇಕು ಅದೆಲ್ಲ?" ಎಂದುಬಿಟ್ಟರು. ಮರುದಿನ ತಂದೆ ಪುಸ್ತಕವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಸಿದರು. ಎರಡು ತಿಂಗಳಾಗಿದೆ. ಬೇರೆಲ್ಲ ಮಾತಾಡುತ್ತಾರೆ, ಬಾಕ್ಸಿಂಗ್ ಮಾತಿಲ್ಲ. "ನಾನೇ ಹತ್ತಿ ಇಳಿಸಲೇ, ಅವರ ಪಾಡಿಗೆ ಬಿಡಲೇ?" ಎಂಬುದು ಮಗನ ಪ್ರಶ್ನೆ.

ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ. ಮೊದಲು ಬಂದದ್ದು ಮೊದಲು.



ಕ್ಷಮೆ ಕೇಳಿ. ಮೊಮ್ಮಗನ ಎದುರು ಆಡಿದ ಮಾತು, ಮೊಮ್ಮಗನ ಎದುರೇ ಕೇಳಿ. ಪತ್ರಿಕೆಗೆ ಬರೆಯುವ ಮುಂಚೆ ಮಾಡಬೇಕಾದ ಕೆಲಸ ಅದು.

– ನಿವೃತ್ತ ಮುಖ್ಯೋಪಾಧ್ಯಾಯಿನಿ



ಮಗನ ಪತ್ರದಲ್ಲಿ ಒಂದು ತಪ್ಪಿದೆ. "ಮನಿಲಾದಲ್ಲಿ ಅಲಿ ಫ್ರೇಜರನನ್ನು ನಾಕೌಟ್ ಮಾಡಿದ್ದನ್ನು ಅಪ್ಪ ನೂರು ಸಲ ಹೇಳಿದ್ದಾರೆ" ಎಂದು ಬರೆದಿದ್ದೀರಿ. ಅಲ್ಲಿ ನಾಕೌಟ್ ಆಗಲೇ ಇಲ್ಲ. 1975ರ ಅಕ್ಟೋಬರ್ 1ರಂದು 14 ಸುತ್ತು ಮುಗಿದಾಗ ಫ್ರೇಜರ್ ಕಣ್ಣು ಊದಿ ಮುಚ್ಚಿಹೋಗಿತ್ತು, ಎದುರಿನಿಂದ ಬರುವ ಏಟು ಕಾಣುತ್ತಿರಲಿಲ್ಲ. ಉಳಿದದ್ದು ಒಂದೇ ಸುತ್ತು. ಆಡುತ್ತೇನೆಂದು ಆತ ಹಟ ಹಿಡಿದ. ಅವನ ಗುರು ಎಡ್ಡಿ ಫಚ್ ಬಿಡಲಿಲ್ಲ, ಪಂದ್ಯ ನಿಲ್ಲಿಸಿದರು. ಶಿಷ್ಯನಿಗೆ ಸೋಲಾದರೂ ಸರಿ, ಜೀವ ಉಳಿಯಲಿ ಎಂದ ಗುರು ಅವರು. ಬಾಕ್ಸಿಂಗ್ ಇತಿಹಾಸದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಯಾವ ಹೊಡೆತವೂ ಅಲ್ಲ, ಆ ನಿಲ್ಲಿಸುವಿಕೆ.

ಇಷ್ಟು ವರ್ಷ ಚಿತ್ರ ಕತ್ತರಿಸಿಟ್ಟವರು ಇದನ್ನು ತಪ್ಪು ಹೇಳಿರಲಾರರು. ನೂರು ಸಲ ಹೇಳಿದ್ದನ್ನು ನೀವು ಒಂದು ಸಲವೂ ಪೂರ್ತಿ ಕೇಳಿಲ್ಲ.

– ಹಳೆಯ ಬಾಕ್ಸಿಂಗ್ ಪ್ರೇಮಿ



ಮುಂದಿನವರು ಕೇಳಿದ ಪ್ರಶ್ನೆಗೆ ಉತ್ತರಿಸಿಲ್ಲ. ಆದರೂ ಈ ಪತ್ರವನ್ನು ಕತ್ತರಿಸಿಟ್ಟುಕೊಳ್ಳುವುದು ಒಳ್ಳೆಯದು.



ತಂದೆ ಮಗನ ನಡುವಿನ ವಿಷಯ ನನಗೆ ಬೇಡ. ಅಟ್ಟ ಎಂದ ಕೂಡಲೇ ನನಗೆ ದಿಗಿಲಾಯಿತು. ಪತ್ರಿಕೆಯ ಕಾಗದ ಬಾಳಿಕೆಗೆಂದು ಮಾಡಿದ್ದಲ್ಲ. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಗಾಳಿ ಬೆಳಕಿಗೆ ಹಳದಿಯಾಗುತ್ತದೆ, ಕಾಗದ ತನ್ನದೇ ಆಮ್ಲಕ್ಕೆ ಪುಡಿಯಾಗುತ್ತದೆ. ಮಾಡಿನ ಕೆಳಗಿನ ಸೆಕೆ ಅದನ್ನು ಬೇಗ ಮುಗಿಸಿಬಿಡುತ್ತದೆ. ಪುಸ್ತಕವನ್ನು ಮಲಗಿಸಿಯೇ ಇಡಿ, ನಿಲ್ಲಿಸಬೇಡಿ. ಕಿತ್ತುಬರುತ್ತಿರುವ ಚಿತ್ರಗಳಿಗೆ ದಯವಿಟ್ಟು ಸೆಲ್ಲೋಟೇಪ್ ಹಾಕಬೇಡಿ, ಹತ್ತು ವರ್ಷದಲ್ಲಿ ಅದರ ಅಂಟು ಕಂದುಗಟ್ಟಿ ಚಿತ್ರವನ್ನೇ ತಿನ್ನುತ್ತದೆ. ಅಂಟಿಕೊಂಡದ್ದನ್ನು ಬಿಡಿಸಲೂ ಹೋಗಬೇಡಿ. ಪುಟಗಳ ನಡುವೆ ಆಮ್ಲರಹಿತ ಕಾಗದ ಇಡಿ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಒಂದೊಂದು ಪುಟದ ಫೋಟೋ ತೆಗೆಯಿರಿ. ಫೋಟೋ ತೆಗೆಯುವಾಗ ತಂದೆಯವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಚಿತ್ರದಲ್ಲಿ ಯಾರು, ಯಾವ ವರ್ಷ, ಯಾವ ಪತ್ರಿಕೆ ಎಂದು ಅವರು ಹೇಳಿದ್ದನ್ನೆಲ್ಲ ಬೇರೆ ನೋಟ್‌ಬುಕ್ಕಿನಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಹೆಸರಿಲ್ಲದ ಚಿತ್ರ ಮುಂದಿನ ತಲೆಮಾರಿಗೆ ಬರೀ ಕಾಗದ.

– ನಿವೃತ್ತ ಗ್ರಂಥಪಾಲಕ



ನಾನು ವೈದ್ಯ. ತಂದೆಯವರ ಭಾವನೆಗೆ ಗೌರವವಿದೆ, ಆ ಆಟಕ್ಕಿಲ್ಲ. ಬಾಕ್ಸರ್‌ಗಳ ಮಿದುಳಿಗಾಗುವ ಹಾನಿಯನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ 1928ರಲ್ಲೇ ಬರೆದಿಟ್ಟಿದ್ದಾರೆ. 1962ರಲ್ಲಿ ಎಮಿಲ್ ಗ್ರಿಫಿತ್ ಏಟಿಗೆ ಹಗ್ಗದ ಮೇಲೆ ಕುಸಿದ ಬೆನ್ನಿ ಪ್ಯಾರೆಟ್‌ಗೆ ಮತ್ತೆ ಎಚ್ಚರ ಬರಲಿಲ್ಲ, ಹತ್ತು ದಿನಕ್ಕೆ ತೀರಿಕೊಂಡ. 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೇ ಸುತ್ತಿನಲ್ಲಿ ಬಿದ್ದು ಕೆಲವೇ ದಿನಗಳಲ್ಲಿ ಸತ್ತ. ಆ ಸಾವಿನ ನಂತರವೇ 15 ಸುತ್ತಿನ ಪಂದ್ಯಗಳನ್ನು 12ಕ್ಕೆ ಇಳಿಸುತ್ತ ಬಂದದ್ದು. ಹಳೆಯ ಪದ್ಧತಿ ಹೋಯಿತೆಂದು ಕೊರಗುವವರು 15ನೇ ಸುತ್ತು ಏಕೆ ಹೋಯಿತೆಂಬುದನ್ನೂ ನೆನೆಯಲಿ. ಕೆಲವು ರೂಢಿಗಳು ಹೋದದ್ದರಿಂದಲೇ ಕೆಲವರು ಬದುಕಿದ್ದಾರೆ.

ಇನ್ನೊಂದು ಮಾತು. ಹೇಳಿದ್ದನ್ನೇ ಹೇಳುವುದು ವಯಸ್ಸಾದವರ ಅಭ್ಯಾಸವೂ ಇರಬಹುದು, ಮರೆವಿನ ಮೊದಲ ಸೂಚನೆಯೂ ಇರಬಹುದು. ನಿನ್ನೆ ಹೇಳಿದೆನೆಂಬುದು ಅವರಿಗೆ ನೆನಪಿದೆಯೇ? ಔಷಧಿ, ಹಣ, ದಾರಿ ಇವುಗಳಲ್ಲಿ ಗೊಂದಲವಿದೆಯೇ? ಗಮನಿಸಿ. ಇದ್ದರೆ ತಡಮಾಡದೆ ತೋರಿಸಿ.

– ಓದುಗ ವೈದ್ಯರು



ಡಾಕ್ಟರರ ಎಚ್ಚರಿಕೆಯನ್ನು ಯಾರೂ ತಳ್ಳಿಹಾಕಲಾರರು. ಅಲಿಯವರ ನಡುಗುವ ಕೈಯನ್ನು ನಾವೆಲ್ಲ ನೋಡಿದ್ದೇವೆ. ಮರೆವಿನ ಬಗ್ಗೆ ಅವರು ಬರೆದದ್ದು ಕೆಳಗಿನ ಪತ್ರಕ್ಕೂ ಸಂಬಂಧಿಸಿದೆ. ಪತ್ರ ದೀರ್ಘವಾಗಿದೆ. ಎಲ್ಲಿಯೂ ಕತ್ತರಿ ಹಾಕಲು ನಮಗೆ ಮನಸ್ಸಾಗಲಿಲ್ಲ.



ಆ ಪತ್ರ ಓದಿ ಪತ್ರಿಕೆಯನ್ನು ಮಡಿಚಿಟ್ಟೆ. ರಾತ್ರಿ ಮತ್ತೆ ತೆಗೆದೆ. "ಸಾಕಪ್ಪ" ಎಂಬ ಆ ಮಾತು ನನ್ನದೂ ಹೌದು. ನೀವು ನನಗಿಂತ ಚಿಕ್ಕವರಿರಬೇಕು, ತಮ್ಮ ಎಂದರೆ ಬೇಸರಿಸಬೇಡಿ.

ನಮ್ಮಪ್ಪ ಸ್ವತಃ ಬಾಕ್ಸರ್. ಹೆಸರು ಮಾಡಿದವರಲ್ಲ. ಹರೆಯದಲ್ಲಿ ಎಂಟು ಹತ್ತು ಪಂದ್ಯ ಆಡಿ ಬಿಟ್ಟವರು. ಗ್ಲೌಸ್ ಯಾವಾಗಲೋ ಹರಿದುಹೋಗಿದ್ದವು, ಒಳಗೆ ಕೈಗೆ ಸುತ್ತಿಕೊಳ್ಳುವ ಎರಡು ಹತ್ತಿಯ ಪಟ್ಟಿ ಮಾತ್ರ ಉಳಿದಿದ್ದವು. ಉದ್ದನೆಯ ಪಟ್ಟಿ, ಒಂದು ತುದಿಯಲ್ಲಿ ಹೆಬ್ಬೆರಳಿಗೆ ಸಿಕ್ಕಿಸುವ ಕುಣಿಕೆ. ತಿಂಗಳಿಗೊಮ್ಮೆ ಒಗೆದು, ನೆರಳಲ್ಲಿ ಒಣಗಿಸಿ, ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಒತ್ತಿ ಒತ್ತಿ ಬಿಗಿಯಾಗಿ ಸುರುಳಿ ಸುತ್ತುತ್ತಿದ್ದರು. ಸುತ್ತುವಾಗ ಒಂದೇ ಕಥೆ. ಲೂಯಿ ಮತ್ತು ಶ್ಮೆಲಿಂಗ್.

ಕಥೆ ನಿಮ್ಮ ತಂದೆಗೂ ಗೊತ್ತಿರುತ್ತದೆ. 1936ರಲ್ಲಿ ಅಮೆರಿಕದ ಕರಿಯ ಹುಡುಗ ಜೋ ಲೂಯಿಯನ್ನು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ 12ನೇ ಸುತ್ತಿನಲ್ಲಿ ಕೆಡವಿದ. ನಾಜಿಗಳು ಅದನ್ನು ತಮ್ಮ ಜನಾಂಗದ ಗೆಲುವೆಂದು ಮೆರೆಸಿದರು. ಎರಡು ವರ್ಷದ ಮೇಲೆ, 1938ರ ಜೂನ್ 22ರಂದು, ಅದೇ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಲೂಯಿ ತಿರುಗಿ ಕೊಟ್ಟ. ಎರಡು ನಿಮಿಷ ನಾಲ್ಕು ಸೆಕೆಂಡ್. ಅಪ್ಪ ಇಲ್ಲಿ ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡ ಎಂಬಂತೆ. ಅದೇ ವರ್ಷ ನವೆಂಬರಿನಲ್ಲಿ ಬರ್ಲಿನ್‌ನಲ್ಲಿ ಯಹೂದಿಗಳ ಮೇಲೆ ಗುಂಪು ಬಿದ್ದಾಗ ಇದೇ ಶ್ಮೆಲಿಂಗ್ ಗೆಳೆಯನ ಇಬ್ಬರು ಹುಡುಗರನ್ನು ತನ್ನ ಕೋಣೆಯಲ್ಲಿ ಬಚ್ಚಿಟ್ಟು ಉಳಿಸಿದ. ಅದನ್ನು ಆತ ಹೇಳಿಕೊಂಡು ತಿರುಗಲಿಲ್ಲ, ಐವತ್ತು ವರ್ಷದ ಮೇಲೆ ಆ ಹುಡುಗರಲ್ಲೊಬ್ಬ ಹೇಳಿದ ಮೇಲೆ ಲೋಕಕ್ಕೆ ತಿಳಿಯಿತು. ಯುದ್ಧ ಮುಗಿದ ಮೇಲೆ ಹೋಗಿ ಲೂಯಿಯನ್ನು ಕಂಡ, ಇಬ್ಬರೂ ಗೆಳೆಯರಾದರು. ತೆರಿಗೆ ಸಾಲದಲ್ಲಿ ಮುಳುಗಿದ್ದ ಲೂಯಿಗೆ ಕೈ ಹಿಡಿದ. 1981ರಲ್ಲಿ ಲೂಯಿ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚಿಗೂ ಹಣ ಕೊಟ್ಟ. ಇಲ್ಲಿಗೆ ಬಂದಾಗ ಅಪ್ಪನ ಗಂಟಲು ಕಟ್ಟುತ್ತಿತ್ತು. ಪ್ರತಿ ಸಲ.

ನನಗೆ ಮದುವೆಯಾಗಿ ಮಕ್ಕಳಾದ ಮೇಲೂ ಇದೇ ಕಥೆ. ಒಂದು ದಿನ ಕೆಲಸದಿಂದ ಸೋತು ಬಂದಿದ್ದೆ. ಪಟ್ಟಿ ಕೈಯಲ್ಲಿ ಹಿಡಿದು ಬಂದು ಕೂತರು. "ಅಪ್ಪಾ, ಲೂಯಿ ಸತ್ತ, ಶ್ಮೆಲಿಂಗ್ ದುಡ್ಡು ಕೊಟ್ಟ. ಗೊತ್ತು ನಂಗೆ. ಸಾಕು" ಅಂದೆ. ಅವರು ಸಿಟ್ಟಾಗಲಿಲ್ಲ. "ಹೌದಲ್ವಾ, ಹೇಳಿದೀನಲ್ವಾ" ಅಂದು ಪಟ್ಟಿ ಪೂರ್ತಿ ಸುತ್ತಿ ಎದ್ದುಹೋದರು. ಮತ್ತೆಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರಾಯಿತು, ಎಲ್ಲಿ ಹೋಗುತ್ತಾರೆ ಎಂದುಕೊಂಡಿದ್ದೆ.

ನಾಲ್ಕು ವರ್ಷಕ್ಕೆ ಮರೆವು ಬಂತು. ಮೊದಲು ಹೆಸರುಗಳು ಹೋದವು, ಆಮೇಲೆ ನಾವು. ಕೈಗಳಿಗೆ ಮಾತ್ರ ಏನೋ ನೆನಪಿತ್ತು, ಹೊದಿಕೆಯ ಅಂಚನ್ನು ಹಿಡಿದು ತೊಡೆಯ ಮೇಲೆ ಸುರುಳಿ ಸುತ್ತುತ್ತ ಕೂರುತ್ತಿದ್ದರು. ಒಂದು ಮಧ್ಯಾಹ್ನ ನಾನು ಪಟ್ಟಿಗಳನ್ನು ಹುಡುಕಿ ತಂದು ಅವರ ಕೈಗಿಟ್ಟೆ. ಹೆಬ್ಬೆರಳು ತಾನಾಗಿಯೇ ಕುಣಿಕೆಗೆ ಹೋಯಿತು. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು, ಒಂದಿಷ್ಟೂ ತಪ್ಪಲಿಲ್ಲ. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ನಾನೇ ಕಥೆ ಹೇಳಲು ಶುರುಮಾಡಿದೆ. 1936ರಿಂದ. ಅವರು ಮೊದಲ ಸಲ ಕೇಳುವವರ ಹಾಗೆ ಕೇಳಿದರು. ನಾನು ನಿಲ್ಲಿಸಿದಲ್ಲೆಲ್ಲ "ಆಮೇಲೆ?" ಎನ್ನುತ್ತಿದ್ದರು. ಅಂತ್ಯಕ್ರಿಯೆಯ ಮಾತಿಗೆ ಬಂದಾಗ ಗಂಟಲು ಕಟ್ಟಿದ್ದು ನನಗೆ. ಅಪ್ಪ ಪಟ್ಟಿ ಸುತ್ತಿದ ಕೈಯಿಂದಲೇ ನನ್ನ ಬೆನ್ನು ತಟ್ಟಿ, "ಒಳ್ಳೇವ್ರು ಕಣಮ್ಮ ಇಬ್ರೂ" ಅಂದರು.

ಅವರು ಹೋಗಿ ಆರು ವರ್ಷವಾಯಿತು. ಲೂಯಿ ಕಥೆ ನನಗೆ ಬಾಯಿಪಾಠ. ಅಪ್ಪನಿಗೆ ಆ ಕಥೆಯನ್ನು ಮೊದಲು ಹೇಳಿದವರು ಯಾರು, ರೇಡಿಯೋದಲ್ಲಿ ಕೇಳಿದರೋ ಪತ್ರಿಕೆಯಲ್ಲಿ ಓದಿದರೋ, ಅವರು ಸೋತ ಪಂದ್ಯಗಳಲ್ಲಿ ಎದುರಾಳಿ ಯಾರಿದ್ದರು, ಒಂದೂ ತಿಳಿಯದು. ಕೇಳಬಹುದಾಗಿದ್ದ ಕಾಲದಲ್ಲಿ ನಾನು "ಸಾಕು" ಅಂದಿದ್ದೆ. ತಮ್ಮ, ಇವತ್ತೇ ಏಣಿ ಹಾಕಿ.

– ಒಬ್ಬ ಮಗಳು



ಎಲ್ಲರೂ ಮಗನನ್ನೇ ಬೈಯುತ್ತಾರೆಂದು ಗೊತ್ತು. ದಿನವಿಡೀ ದುಡಿದು ಬಂದು ರಾತ್ರಿ ವಯಸ್ಸಾದವರನ್ನು ನೋಡಿಕೊಳ್ಳುವವರಿಗೆ ಮಾತ್ರ ಆ ದಣಿವು ಗೊತ್ತು. ಒಂದು ಮಾತು ಜಾರಿದ್ದಕ್ಕೆ ಇಷ್ಟು ನೊಂದು ಪತ್ರ ಬರೆದಿರುವ ಮಗ ಕೆಟ್ಟವನಲ್ಲ.

– ಅತ್ತೆ ಮಾವನನ್ನು ನೋಡಿಕೊಂಡ ಸೊಸೆ



ಇದನ್ನು ಪ್ರಕಟಿಸಲು ನಮಗೆ ಸಂತೋಷವಿದೆ. ಮುಂದಿನವರದು ಹೋದ ರೂಢಿಗಳ ಬಗ್ಗೆ ಬೇರೆಯದೇ ನೆನಪು.



ಹತ್ತು ಮನೆಯವರು ರೇಡಿಯೋ ಸುತ್ತ ಕೂರುತ್ತಿದ್ದರು ಎಂದು ತಂದೆಯವರು ಹೇಳುತ್ತಾರಂತೆ. ಕೂರುತ್ತಿದ್ದವರು ಗಂಡಸರು. ನಾವು ಒಳಗೆ. ಹೊರಗೆ ಜನ ಹೋ ಎಂದಾಗ ಯಾರೋ ಗೆದ್ದರೆಂದು ತಿಳಿಯುತ್ತಿತ್ತು, ಯಾರೆಂದು ಮರುದಿನ ಗೊತ್ತಾಗುತ್ತಿತ್ತು. ಆ ಕಾಲ ಹೋದದ್ದಕ್ಕೆ ನನಗೆ ದುಃಖವಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರ ಬಾಕ್ಸಿಂಗ್‌ಗೆ ಪದಕ ಇಟ್ಟರು. ಇಬ್ಬರು ಮಕ್ಕಳ ತಾಯಿ ಮೇರಿ ಕೋಮ್ ಕಂಚು ಗೆದ್ದಾಗ ನಾನು ಟಿವಿಯ ಮುಂದೆಯೇ ಕೂತಿದ್ದೆ, ಹೋ ಎಂದವಳೂ ನಾನೇ. ಪುಸ್ತಕ ಇಳಿಸಿದ ಮೇಲೆ ಖಾಲಿ ಪುಟಗಳಿವೆಯೇ ನೋಡಿ. ಮೇರಿ ಕೋಮ್ ಚಿತ್ರ ಕತ್ತರಿಸಿಟ್ಟಿದ್ದೇನೆ, ಬೇಕಾದರೆ ಕಳಿಸುತ್ತೇನೆ.

– 72 ವರ್ಷದ ಗೃಹಿಣಿ



ನನಗೆ 20. ಮೊಮ್ಮಗನ ಕಡೆಯಿಂದ ಬರೆಯುತ್ತಿದ್ದೇನೆ. ತಾತನ ಮಾತು ನನಗೂ ಬೋರಾಗುತ್ತಿತ್ತು. ಒಂದು ದಿನ ಮೊಬೈಲಿನಲ್ಲಿ 1974ರ ಅಲಿ-ಫೋರ್‌ಮನ್ ಪಂದ್ಯ ಹಾಕಿ, ಸೌಂಡ್ ಆಫ್ ಮಾಡಿ, ನೀವೇ ಕಾಮೆಂಟರಿ ಹೇಳಿ ತಾತ ಅಂದೆ. ಅಲಿ ಸುಮ್ಮನೆ ಹಗ್ಗಕ್ಕೊರಗಿ ಏಟು ತಿನ್ನುತ್ತಿದ್ದರೆ ಸೋಲುತ್ತಿದ್ದಾನೆಂದೇ ನನಗನ್ನಿಸಿತ್ತು. "ಫೋರ್‌ಮನ್ ಕೈ ನೋಡೋ, ಭಾರ ಆಗ್ತಿದೆ" ಎಂದು ತಾತ ತೋರಿಸಿದರು. ಎಂಟನೇ ಸುತ್ತಿನಲ್ಲಿ ಫೋರ್‌ಮನ್ ಬಿದ್ದ. ಅದೇ ಫೋರ್‌ಮನ್ ಇಪ್ಪತ್ತು ವರ್ಷದ ಮೇಲೆ, 45ನೇ ವಯಸ್ಸಿನಲ್ಲಿ ಮತ್ತೆ ಚಾಂಪಿಯನ್ ಆದ ಎಂದೂ ಹೇಳಿದರು. ಈಗ ವಾರಕ್ಕೊಂದು ಪಂದ್ಯ ನೋಡುತ್ತೇವೆ. ಮಗ ಅಟ್ಟ ಹತ್ತುವುದು ಬೇಡ, ಮೊಮ್ಮಗನನ್ನು ಹತ್ತಿಸಿ.

– ಕಾಲೇಜು ವಿದ್ಯಾರ್ಥಿ



ಪುಟ ಕಟ್ಟುವ ಹೊತ್ತಿಗೆ ಇನ್‌ಲ್ಯಾಂಡ್ ಲೆಟರೊಂದು ಬಂತು. ಅಕ್ಷರ ನಡುಗಿದ್ದರೂ ಸಾಲು ನೇರವಾಗಿತ್ತು.



ಮಾನ್ಯ ಸಂಪಾದಕರಿಗೆ ನಮಸ್ಕಾರ. ಇದು ಮಗನಿಗಲ್ಲ, ತಂದೆಯವರಿಗೆ. ಸ್ವಾಮಿ, ತಮ್ಮ ಪುಸ್ತಕದಲ್ಲಿ ಹವಾ ಸಿಂಗ್ ಅವರ ಚಿತ್ರ ಇದೆಯೇ? ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 1966ರಲ್ಲಿ ಹೆವಿವೇಟ್ ಚಿನ್ನ, 1970ರಲ್ಲಿ ಮತ್ತೆ ಅಲ್ಲೇ ಚಿನ್ನ. ಎರಡನೆಯ ಸಲ ಗೆದ್ದಾಗ ಪತ್ರಿಕೆಯಲ್ಲಿ ಬಂದ ಚಿತ್ರ ಕತ್ತರಿಸಿ ಇಟ್ಟಿದ್ದೆ, ಮನೆ ಬದಲಿಸುವಾಗ ಎಲ್ಲೋ ಹೋಯಿತು. ನನಗೀಗ 83, ಜೊತೆಗೆ ಮಾತಾಡುವವರು ಯಾರೂ ಉಳಿದಿಲ್ಲ. ಚಿತ್ರ ಕಳಿಸುವುದು ಬೇಡ, ತಮ್ಮಲ್ಲಿಯೇ ಇರಲಿ. ಅವರು ಹೇಗೆ ನಿಂತಿದ್ದರು, ಎಡಗೈ ಎಲ್ಲಿತ್ತು ಎಂದು ಒಂದು ಕಾಗದ ಬರೆದರೆ ಸಾಕು. ತಪ್ಪದೆ ಉತ್ತರ ಬರೆಯುತ್ತೇನೆ.



ಈ ಕಾಗದವನ್ನು ಒಡೆದಿದ್ದಕ್ಕೆ ಕ್ಷಮೆ ಕೇಳಿ, ತಂದೆಯವರ ಹೆಸರಿಗೇ ಅಂಚೆಯಲ್ಲಿ ಕಳಿಸಿದ್ದೇವೆ.