ಅಮೆರಿಕದ ಹುಡುಗರ ಕ್ಯಾಂಪಲ್ಲಿ ಕೌನ್ಸೆಲರ್ ಕೆಲಸ, ಹೋಗಬಹುದಾ?

ಪ್ರಶ್ನೆ: ನನಗೆ 20, ಡಿಗ್ರಿ ಓದುತ್ತಿದ್ದೇನೆ, ಈಜು ಚೆನ್ನಾಗಿ ಬರುತ್ತದೆ. ಜೆ-1 ವೀಸಾದಲ್ಲಿ (ವಿನಿಮಯ ಕಾರ್ಯಕ್ರಮಗಳಿಗೆ ಅಮೆರಿಕ ಕೊಡುವ ವೀಸಾ) ಮೇನ್ ರಾಜ್ಯದ ಒಂದು ಬೇಸಿಗೆ ಕ್ಯಾಂಪಿಗೆ ಕೌನ್ಸೆಲರ್ ಆಗಿ, ಅಂದರೆ ಹುಡುಗರ ಜೊತೆಗಿದ್ದು ಅವರನ್ನ ನೋಡಿಕೊಳ್ಳೋಕೆ, ಹೋಗೋಣ ಅಂತಿದ್ದೇನೆ. ದುಡ್ಡು ಉಳಿಯುತ್ತಾ? ಅಪ್ಪ ಮಾತ್ರ ‘ಮಕ್ಕಳನ್ನ ಕಾಯೋಕೆ ಅಷ್ಟು ದೂರ ಹೋಗಬೇಕಾ’ ಅಂತಾರೆ.

ಉತ್ತರ 1: ದುಡ್ಡಿಗಾಗಿ ಆದರೆ ಬೇಡ ಮಾರಾಯ. ಕ್ಯಾಂಪ್ ಕೌನ್ಸೆಲರ್‌ಗಳಿಗೆ ಈ ವೀಸಾ ಹೆಚ್ಚೆಂದರೆ 4 ತಿಂಗಳು. ಊಟ, ವಸತಿ ಕೊಡುತ್ತಾರೆ, ಆದರೆ ವಿಮಾನ, ಏಜೆನ್ಸಿ ಫೀಸು ಎಲ್ಲ ಕಳೆದರೆ ನನಗೆ ಉಳಿದಿದ್ದು ಅಷ್ಟಕ್ಕಷ್ಟೇ. ಒಂದೇ ಕ್ಯಾಬಿನ್‌ನಲ್ಲಿ ಹತ್ತು ಹುಡುಗರು, ಜೊತೆಗೆ ನಾನು. ಒಬ್ಬ ರಾತ್ರಿಯಾದರೆ ಮನೆ ನೆನೆಸಿಕೊಂಡು ಅಳುತ್ತಿದ್ದ, ಸಮಾಧಾನ ಮಾಡಿದಷ್ಟೂ ಜಾಸ್ತಿ. ಕೊನೆಗೆ ಸುಮ್ನೆ ಟಾರ್ಚ್ ಅವನ ಕೈಗೆ ಕೊಟ್ಟು, ‘ಹಗ್ಗದ ಮೇಲೆ ಎಷ್ಟು ಒದ್ದೆ ಟವೆಲ್ ಇದೆ, ಎಣಿಸೋಣ ಬಾ’ ಅಂದೆ. ಆಮೇಲೆ ದಿನಾ ಅದೇ ಅವನ ಡ್ಯೂಟಿ!

ಉತ್ತರ 2: ಈಜು ಬಂದರೆ ಸಾಲದು, ಲೈಫ್‌ಗಾರ್ಡ್ ತರಬೇತಿಯೂ ಬೇಕಾಗಬಹುದು, ಮೊದಲೇ ಕೇಳಿ. ಕಾಡಲ್ಲಿ ಓಡಾಡಿದ ಮೇಲೆ ಮಂಡಿ ಹಿಂದೆ, ಕಿವಿ ಹಿಂದೆ ಉಣುಗು ಕಚ್ಚಿದೆಯಾ ನೋಡಬೇಕು, ಹುಡುಗರಿಗೂ ನಿಮಗೂ. ಅಲ್ಲಿ ಲೈಮ್ ರೋಗ ಹರಡುವುದು ಅದರಿಂದಲೇ. ನಮ್ಮ ಮಲೆನಾಡಿನವರಿಗೆ ಉಣುಗಿನ ಕಾಟವೇನು ಹೊಸದಲ್ಲ, ಅಲ್ವಾ?

ಪ್ರಶ್ನೆ ಕೇಳಿದವನು: ಥ್ಯಾಂಕ್ಸ್. ಟವೆಲ್ ಕಥೆ ಅಪ್ಪನಿಗೆ ಓದಿ ಹೇಳಿದೆ, ನಕ್ಕರು. ಟಿಕೆಟ್ ಎಷ್ಟು ಅಂತ ಈಗ ಅವರೇ ಕೇಳುತ್ತಿದ್ದಾರೆ.