ಸ್ಟ್ರೋಕ್ ಆದ ಅಮ್ಮನ ಜೊತೆ ಸಣ್ಣ ಊರಿಗೆ ಬಂದಿದ್ದೇವೆ. ಇಲ್ಲಿ ಯಾರನ್ನು ಕೇಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ ವರ್ಗಾವಣೆ ಆಗಿ ಬೆಂಗಳೂರಿನಿಂದ ಒಂದು ತಾಲ್ಲೂಕು ಕೇಂದ್ರಕ್ಕೆ ಬಂದಿದ್ದೇವೆ. ಜೊತೆಗೆ ನಮ್ಮಮ್ಮ ಇದ್ದಾರೆ, ವಯಸ್ಸು 68. ಕಳೆದ ವರ್ಷ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿನ ಸ್ವಾಧೀನ ತಪ್ಪಿದೆ. ನನ್ನ ಭುಜ ಹಿಡಿದು ಬಚ್ಚಲಮನೆವರೆಗೆ ನಡೆಯುತ್ತಾರೆ, ಅಷ್ಟೇ. ಮಾತು ಇದೆ, ಆದರೆ ಪದ ತಪ್ಪುತ್ತದೆ. ನೀರು ಬೇಕಾದಾಗ "ಬಾಗಿಲು" ಅನ್ನುತ್ತಾರೆ. ನಾನು ಎದ್ದು ಬಾಗಿಲ ಕಡೆ ಹೋದರೆ ಅವರಿಗೆ ಮೊದಲು ಸಿಟ್ಟು, ಆಮೇಲೆ ಅಳು.

ಬೆಂಗಳೂರಿನಲ್ಲಿ ಫಿಸಿಯೋ ಮಾಡುವವರು ಮನೆಗೇ ಬರುತ್ತಿದ್ದರು. ಇಲ್ಲಿ ಮೊಬೈಲಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಜಿಲ್ಲಾ ಕೇಂದ್ರದ್ದು, ಇಲ್ಲದಿದ್ದರೆ ಬೆಂಗಳೂರಿನದ್ದೇ. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದೆ. "ಅದು ನಮ್ಮ ಇಲಾಖೆ ಅಲ್ಲ ಮೇಡಂ" ಅಂದರು. ಯಾವ ಇಲಾಖೆ ಅಂತ ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾನು ಕೆಲಸಕ್ಕೆ ಹೋದಾಗ ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ, ಅವರಿಗೆ ಕೆಲಸ ಮನೆಯಿಂದಲೇ. ಇಬ್ಬರಿಗೂ ಸುಸ್ತಾಗಿದೆ.

ಇಂಥ ಊರುಗಳಲ್ಲಿ ಏನು ಸೌಲಭ್ಯ ಇರುತ್ತದೆ? ಎಲ್ಲಿಂದ ಶುರು ಮಾಡಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಅತ್ತೆಯನ್ನು ನೋಡಿಕೊಳ್ಳುತ್ತಿರುವ ಗೃಹಿಣಿ

ಅಕ್ಕಾ, ಮೊದಲು ನಿಮ್ಮ ಬೀದಿಗೆ ಬರುವ ಆಶಾ ಯಾರು ಅಂತ ಪಕ್ಕದ ಮನೆಯವರನ್ನು ಕೇಳಿ. ಪಟ್ಟಣದಲ್ಲೂ ಆಶಾ ಕಾರ್ಯಕರ್ತೆಯರು ಇರುತ್ತಾರೆ. ಅವರು ಬಾಣಂತಿಯರಿಗೆ ಮಾತ್ರ ಅಂತ ನಾವೂ ಅಂದುಕೊಂಡಿದ್ದೆವು. ಹಾಗೇನಿಲ್ಲ. ಬಿಪಿ, ಶುಗರ್ ಇರುವವರ ಪಟ್ಟಿಯೂ ಅವರ ಹತ್ತಿರ ಇರುತ್ತದೆ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ ಅಂತ ಊರಿಗೆಲ್ಲ ಮೊದಲು ಗೊತ್ತಾಗುವುದು ಅವರಿಗೇ. ನಮ್ಮ ಅತ್ತೆಯ ಬಿಪಿ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಬರುತ್ತದೆ, ದುಡ್ಡಿಲ್ಲ.

ಮಧ್ಯಾಹ್ನ ಜೊತೆಗಿರುವುದಕ್ಕೆ ಒಬ್ಬರನ್ನು ಹುಡುಕಿಕೊಟ್ಟಿದ್ದೂ ನಮ್ಮ ಆಶಾನೇ. ಸ್ವಸಹಾಯ ಸಂಘದ ಹೆಂಗಸು, ತನ್ನ ಅಮ್ಮನನ್ನು ನೋಡಿಕೊಂಡು ಅನುಭವ ಇದ್ದವರು. ಏಜೆನ್ಸಿ ಇಲ್ಲದ ಊರಲ್ಲಿ ಒಬ್ಬರಿಂದ ಒಬ್ಬರಿಗೆ ಕೇಳುತ್ತಾ ಹೋಗುವುದೇ ದಾರಿ.

ಉತ್ತರ 2: ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ

ಮೇಡಂ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲಾಗಲಿಲ್ಲ. ಇದು ನನ್ನ ದಿನನಿತ್ಯದ ಕೆಲಸ. ನಾನು ಒಂದು ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಎಂಆರ್‌ಡಬ್ಲ್ಯೂ ಅಂತಲೇ ಎಲ್ಲರೂ ಕರೆಯುವುದು.

ನೀವು ಹುಡುಕುತ್ತಿರುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು. ಅದರ ಅಧಿಕಾರಿ ಕೂರುವುದು ಜಿಲ್ಲಾ ಕೇಂದ್ರದಲ್ಲಿ. ತಾಲ್ಲೂಕಿನಲ್ಲಿ ಅದಕ್ಕೆ ಬೇರೆ ಕಚೇರಿ ಇಲ್ಲ, ಹಾಗಾಗಿ ಬೋರ್ಡೂ ಕಾಣುವುದಿಲ್ಲ. ನಮ್ಮಂಥವರು ಇರುತ್ತೇವೆ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಯುಆರ್‌ಡಬ್ಲ್ಯೂ, ಇಡೀ ತಾಲ್ಲೂಕಿಗೆ ಒಬ್ಬ ಎಂಆರ್‌ಡಬ್ಲ್ಯೂ. ನಾವೂ ಅಂಗವಿಕಲರೇ. ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋಗೆ ಹೋಯಿತು. ನಮಗೆ ಬರುವುದು ಗೌರವಧನ. ಕುರ್ಚಿ ಮೇಜು ಒಂದೊಂದು ಕಡೆ ಇರುತ್ತದೆ, ಒಂದೊಂದು ಕಡೆ ಇಲ್ಲ. ಅದಕ್ಕೇ ಯಾವ ಕಚೇರಿ ಅಂತ ಕೇಳಬೇಡಿ. "ಇಲ್ಲಿ ಯುಆರ್‌ಡಬ್ಲ್ಯೂ ಯಾರು, ಅವರ ನಂಬರ್ ಕೊಡಿ" ಅಂತ ಪುರಸಭೆಯಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಗೆ ಹೋಗಿ ಎಂಆರ್‌ಡಬ್ಲ್ಯೂ ಯಾರು ಅಂತ ಕೇಳಿ.

ಅಮ್ಮನಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿದ್ದೀರಾ? ಇಲ್ಲ ಅಂತಲೇ ನನ್ನ ಅಂದಾಜು. ಸ್ಟ್ರೋಕ್ ಆದವರನ್ನು ಮನೆಯವರು ರೋಗಿ ಅಂತ ನೋಡುತ್ತಾರೆ, ಅಂಗವಿಕಲರು ಅಂತ ಹೇಳಲು ಬಾಯಿ ಬರುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಕಾರ್ಡ್ ಇಲ್ಲದೆ ಯಾವ ಬಾಗಿಲೂ ತೆರೆಯುವುದಿಲ್ಲ. ಅರ್ಜಿ ಆನ್‌ಲೈನ್. ಆಧಾರ್, ಫೋಟೋ, ಆಸ್ಪತ್ರೆಯ ಹಳೇ ಕಾಗದ ಬೇಕು. ಆಮೇಲೆ ವೈದ್ಯರು ನೋಡಿ ಅಂಗವೈಕಲ್ಯ ಎಷ್ಟು ಶೇಕಡಾ ಅಂತ ಬರೆಯುತ್ತಾರೆ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡ್, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಸೌಲಭ್ಯ ಹೆಚ್ಚುಕಡಿಮೆ ಎಲ್ಲವೂ ಶುರುವಾಗುವುದು 40ರಿಂದ.

ಸರ್ಕಾರದ ಮಾಸಾಶನದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ, ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಅಂಗವಿಕಲರ ಮಾಸಾಶನ ಬೇರೆ ಇದೆ, ಆದರೆ ಎರಡರಲ್ಲಿ ಒಂದೇ ಸಿಗುವುದು. ಎರಡಕ್ಕೂ ಆದಾಯ ಮಿತಿ ಇದೆ, ಅದೂ ತುಂಬಾ ಕೆಳಗೆ. ನಿಮಗೆ ಸಂಬಳ ಇರುವುದರಿಂದ ಸಿಗದೇ ಇರಬಹುದು. ಅಲ್ಲೇ ಬೇಸರವಾಗಿ ಜನ ಎಲ್ಲವನ್ನೂ ಬಿಟ್ಟುಬಿಡುತ್ತಾರೆ, ಅದು ನನಗೆ ನೋವು. ಯುಡಿಐಡಿಗೆ ಆದಾಯ ಮಿತಿ ಇಲ್ಲ ಮೇಡಂ. ಕೆಎಸ್ಆರ್‌ಟಿಸಿಯ ಅಂಗವಿಕಲರ ರಿಯಾಯಿತಿ ಪಾಸಿನಲ್ಲಿ ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ನೀವು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ನಿಮ್ಮನ್ನು ಅವಲಂಬಿಸಿದ ಅಂಗವಿಕಲರಿಗಾಗಿ ತೆರಿಗೆ ಲೆಕ್ಕದ ಆದಾಯದಲ್ಲಿ 75,000 ರೂಪಾಯಿ ಕಡಿತ ಇದೆ. ಶೇಕಡಾ 80 ಮತ್ತು ಮೇಲೆ ಇದ್ದರೆ 1,25,000. ಸಂಬಳದಾರರು ಇದನ್ನು ಕೇಳುವುದೇ ಕಡಿಮೆ.

ಗಾಲಿಕುರ್ಚಿ, ವಾಕರ್‌ಗೆ ಸುಮ್ಮನೆ ಅಂಗಡಿಗೆ ಹೋಗಿ ದುಡ್ಡು ಹಾಕಬೇಡಿ. ಕೇಂದ್ರದ ಅಲಿಮ್ಕೋ ಸಂಸ್ಥೆಯವರು ಆಗಾಗ ತಪಾಸಣಾ ಶಿಬಿರ ಮಾಡುತ್ತಾರೆ. ಅವತ್ತು ಅಳತೆ ತೆಗೆದುಕೊಂಡು ಹೋಗಿ, ಆಮೇಲೆ ಇನ್ನೊಂದು ದಿನ ಸಾಧನ ಹಂಚುತ್ತಾರೆ. ಅಲ್ಲೂ ಆದಾಯ ನೋಡುತ್ತಾರೆ, ಆದರೂ ಹೆಸರು ಕೊಟ್ಟಿಡಿ. ಶಿಬಿರದ ಸುದ್ದಿ ನಮ್ಮ ಪಟ್ಟಿಯಲ್ಲಿರುವವರಿಗೆ ಫೋನಿನಲ್ಲಿ ಹೋಗುತ್ತದೆ, ಮಿಕ್ಕವರಿಗೆ ಮರುದಿನ ಪೇಪರಿನಲ್ಲಿ ಫೋಟೋ ನೋಡಿದ ಮೇಲೇ ಗೊತ್ತಾಗುವುದು. ನನ್ನ ರಿಜಿಸ್ಟರ್ ಪುಸ್ತಕದಲ್ಲಿ ಒಂದು ಸಾಲು ಹೆಸರು ಇದ್ದರೆ ಎಷ್ಟು ಅನುಕೂಲ ಅಂತ ಯಾರಿಗೆ ಹೇಳಿ ಒಪ್ಪಿಸುವುದು!

ಫಿಸಿಯೋಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ವಾರದಲ್ಲಿ ಯಾವ ದಿನ ಇರುತ್ತಾರೆ ಅಂತಲೂ ಕೇಳಿ. ದಿನಾ ಕರೆದುಕೊಂಡು ಹೋಗುವುದು ಆಗದ ಮಾತು. ಒಂದು ಸಲ ತೋರಿಸಿಕೊಂಡು ಬಂದು ಮನೆಯಲ್ಲಿ ಮಾಡಿಸಿ.

ಇನ್ನೊಂದು ಮಾತು. ಮನೆ ಭೇಟಿಗೆ ಹೋದಾಗ ನಾನು ಮೊದಲು ನೋಡುವುದು ಬಚ್ಚಲಮನೆ. ಹೊಸ್ತಿಲು ಎಷ್ಟು ಎತ್ತರ, ನೆಲ ಜಾರುತ್ತದಾ, ಹಿಡಿಯಲು ಏನಿದೆ. ನಿಮ್ಮಮ್ಮನ ಎಡಗೈ ಗಟ್ಟಿ ಇದೆ ಅಲ್ವಾ? ಹಾಗಾದರೆ ಕಮೋಡಿನಲ್ಲಿ ಕೂತಾಗ ಎಡಗಡೆ ಬರುವ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಪ್ಲಂಬರ್ ತನಗೆ ಅನುಕೂಲವಾದ ಕಡೆ ಹಾಕಿ ಹೋಗುತ್ತಾನೆ. ನೀವು ಜೊತೆಗೆ ನಿಂತು, ಅಮ್ಮನನ್ನು ಅಲ್ಲಿ ಕೂರಿಸಿ, ಅವರ ಕೈಗೆ ಎಟುಕುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನಿಮ್ಮ ಭುಜಕ್ಕೂ ಸ್ವಲ್ಪ ಬಿಡುವು ಸಿಗುತ್ತದೆ.

ಉತ್ತರ 3: ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ

ಎಂಆರ್‌ಡಬ್ಲ್ಯೂ ಸರ್ ಹೇಳಿದ್ದು ಸರಿಯಾಗಿದೆ. ಸರ್ಕಾರದ ಹೊರಗಿನದ್ದು ಸ್ವಲ್ಪ ಸೇರಿಸುತ್ತೇನೆ. ನಮ್ಮ ಗ್ರಂಥಾಲಯಕ್ಕೆ ಬೆಳಿಗ್ಗೆ ಪೇಪರ್ ಓದಲು ಬರುವವರಲ್ಲಿ ನಿವೃತ್ತ ನೌಕರರೇ ಜಾಸ್ತಿ. ನಿಮ್ಮ ಊರಿನಲ್ಲೂ ನಿವೃತ್ತ ನೌಕರರ ಸಂಘ ಇದ್ದೇ ಇರುತ್ತದೆ. ಅಲ್ಲಿ ಒಬ್ಬರ ಪರಿಚಯ ಮಾಡಿಕೊಳ್ಳಿ. ಯಾರ ಮನೆಯಲ್ಲಿ ವಾಟರ್ ಬೆಡ್ ಈಗ ಬೇಡವಾಗಿ ಅಟ್ಟದ ಮೇಲಿದೆ, ಯಾವ ನರ್ಸ್ ನಿವೃತ್ತಿಯಾಗಿ ಊರಲ್ಲೇ ಇದ್ದಾರೆ, ಎಲ್ಲ ಅವರಿಗೆ ಗೊತ್ತು.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಕಚೇರಿಯಲ್ಲೂ ಕೇಳಿ. ಅವರ ಜನಮಂಗಳ ಕಾರ್ಯಕ್ರಮದಲ್ಲಿ ಕಷ್ಟದಲ್ಲಿರುವವರಿಗೆ ಗಾಲಿಕುರ್ಚಿ, ವಾಕರ್ ಕೊಡುತ್ತಾರೆ.

ಫೋನ್ ನಂಬರ್ ಎರಡು ಬರೆದಿಟ್ಟುಕೊಳ್ಳಿ. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಇನ್ನೊಂದು 14416, ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಅದು ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡನೆಯದು ನಿಮಗೆ ಮತ್ತು ನಿಮ್ಮ ಯಜಮಾನರಿಗೆ ಮೇಡಂ. "ಇಬ್ಬರಿಗೂ ಸುಸ್ತಾಗಿದೆ" ಅಂತ ಬರೆದಿರಿ, ಅದಕ್ಕೆ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪುರಸಭೆಯಲ್ಲಿ ಯುಆರ್‌ಡಬ್ಲ್ಯೂ ಅಂತ ಕೇಳಿದ ತಕ್ಷಣ ಫೋನ್ ನಂಬರ್ ಕೊಟ್ಟರು. ಅವರು ಮನೆಗೇ ಬಂದರು. ಅಮ್ಮನ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿದರು, ಪದ ಸಿಗದಾಗ ಅವಸರ ಮಾಡಲಿಲ್ಲ. ಅವರು ಹೋದ ಮೇಲೆ ಅಮ್ಮ ಎಡಗೈಯಲ್ಲೇ ತಲೆ ಬಾಚಿಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ಅದು ಮೊದಲು.

ಯುಡಿಐಡಿ ಅರ್ಜಿ ಹಾಕಿದ್ದೇವೆ. ವೈದ್ಯರು ನೋಡುವ ದಿನಕ್ಕೆ ಏನು ತಯಾರಿ ಬೇಕು ಸರ್? ಮಾತಿನ ತೊಂದರೆಗೆ ಇಲ್ಲಿ ಯಾರೂ ಇಲ್ಲವಂತೆ. ಅದಕ್ಕೆ ಏನು ಮಾಡುವುದು?

ಉತ್ತರ 2ರವರು

ತುಂಬಾ ಸಂತೋಷ ಮೇಡಂ. ತಲೆ ಬಾಚಿಕೊಂಡಿದ್ದು ಸಣ್ಣ ವಿಷಯ ಅಲ್ಲ.

ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಒಂದು ಸಲ ಹೋಗಿ ತೋರಿಸಿ. ದೂರದಲ್ಲಿರುವವರಿಗೆ ವಿಡಿಯೋ ಮೂಲಕ ತರಬೇತಿ ಕೊಡುವ ವ್ಯವಸ್ಥೆ ಅವರಲ್ಲಿದೆ, ಅದನ್ನು ಕೇಳಿ. ಅಲ್ಲಿವರೆಗೆ ಒಂದು ಹಾಳೆಯಲ್ಲಿ ನೀರು, ಬಚ್ಚಲು, ಫ್ಯಾನು, ನೋವು ಇಷ್ಟರ ಚಿತ್ರ ದೊಡ್ಡದಾಗಿ ಅಂಟಿಸಿ ಮಂಚದ ಎಡಗಡೆ ಇಡಿ. ಬೆರಳಲ್ಲಿ ತೋರಿಸಲಿ. ತೋರಿಸಿದಾಗ ನೀವು ಆ ಪದವನ್ನು ನಿಧಾನವಾಗಿ ಹೇಳಿ.

ವೈದ್ಯರು ನೋಡುವ ದಿನ ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ರಿಪೋರ್ಟ್ ಎರಡೂ ಇರಲಿ. ಸಡಿಲವಾದ ತೋಳಿನ ಬಟ್ಟೆ ಹಾಕಿಸಿ. ಇದನ್ನು ಮಾತ್ರ ಮರೆಯಬೇಡಿ: ಕೈಕಾಲಿನ ಜೊತೆಗೆ ಮಾತಿನ ತೊಂದರೆಯನ್ನೂ ಬರೆಯಲು ಹೇಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಅಂಗವೈಕಲ್ಯ ಒಟ್ಟು 21 ಬಗೆ. ಮಾತು ಮತ್ತು ಭಾಷೆಯ ತೊಂದರೆ ಅದರಲ್ಲಿ ಒಂದು, ಸ್ಟ್ರೋಕ್‌ನಿಂದ ಪದ ತಪ್ಪುವುದೂ ಅದರೊಳಗೆ ಬರುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಲು ಸೂತ್ರ ಇದೆ. ನಡೆಯಲು ಬರುತ್ತದೆ ಅಂತ ಕೈಕಾಲಿಗೆ ಮಾತ್ರ ಬರೆದು ಕಳಿಸಿದ ಸ್ಟ್ರೋಕ್ ಕೇಸುಗಳನ್ನು ನಾನು ನೋಡಿದ್ದೇನೆ, ಆಮೇಲೆ ಮತ್ತೆ ಮೊದಲಿಂದ ಓಡಾಟ.

ವೈದ್ಯರು ಅಮ್ಮನನ್ನು ಪ್ರಶ್ನೆ ಕೇಳಿದಾಗ ನೀವು ಉತ್ತರ ಕೊಡಬೇಡಿ. ಅವರೇ ಹೇಳಲಿ, "ಬಾಗಿಲು" ಅಂದರೂ ಪರವಾಗಿಲ್ಲ. ವೈದ್ಯರು ಅದನ್ನು ತಮ್ಮ ಕಿವಿಯಲ್ಲೇ ಕೇಳಿಸಿಕೊಳ್ಳಬೇಕು. ದಿನಾಂಕ ಬಂದ ತಕ್ಷಣ ನಿಮ್ಮ ಯುಆರ್‌ಡಬ್ಲ್ಯೂಗೆ ತಿಳಿಸಿ, ಅವತ್ತು ಜೊತೆಗೆ ಬರುತ್ತಾರೆ.